ಹಳೆ ಮಿಲ್ ಜಾಗಕ್ಕೆ ಜೆಸಿಬಿ ಕೊನೆಗೆ ಬರಲಿ

ಕಲಬುರಗಿಯ ಧಾನ್ಯ ಮಾರುಕಟ್ಟೆ ನೆಹರು ಗಂಜ್ ಸುತ್ತಮುತ್ತ ಓಡಾಡಿದರೆ ಬೀಗ ಬಿದ್ದ ದಾಲ್ ಮಿಲ್‌ಗಳು, ಎಣ್ಣೆ ಮಿಲ್‌ಗಳು ಕಣ್ಣಿಗೆ ಬೀಳುತ್ತವೆ. ತುಕ್ಕು ಹಿಡಿದ ಗೇಟು, ಒಳಗೆ ಎದೆಮಟ್ಟ ಬೆಳೆದ ಜಾಲಿ, ಗೋಡೆ ಬಿರುಕಿನಲ್ಲಿ ಅರಳಿ ಗಿಡ. ಜಾಗ ಮಾತ್ರ ಊರ ನಡುವೆ. ಸ್ಟೇಷನ್ ಹತ್ತಿರ, ಬಸ್ ಹತ್ತಿರ, ಬಜಾರ್ ಹತ್ತಿರ. ಇಂಥ ಜಾಗ ಸುಮ್ನೆ ಬಿದ್ದಿರೋದು ಊರಿಗೇ ನಷ್ಟ ಅಂತ ನಾನು ನಂಬಿದ್ದೇನೆ.

ನಾನು ಸಿವಿಲ್ ಇಂಜಿನಿಯರ್. ಅಪ್ಪ ಗಂಜಿನ ಅಡತ್ ಅಂಗಡಿಯಲ್ಲಿ ಮುನೀಮರಾಗಿದ್ದರು. ತೊಗರಿ ಹೊಟ್ಟಿನ ಧೂಳಿನಲ್ಲೇ ಬೆಳೆದವಳು ನಾನು. ಈಗ ನನ್ನ ಕೈಗೆ ಬರುವ ಕೆಲಸದಲ್ಲಿ ಜಾಸ್ತಿ ಪಾಲು ಇಂಥ ಹಳೆ ಮಿಲ್‌ಗಳದ್ದೇ. ಮಾಲೀಕರು ಫೋನ್ ಮಾಡಿದಾಗ ಕೇಳೋದು ಒಂದೇ ಮಾತು: "ಕೆಡವಲಿಕ್ಕೆ ಎಷ್ಟ್ ಖರ್ಚ್ ಬರ್ತದ್ರಿ ಮೇಡಂ?" ನಾನು ಹೇಳೋದೂ ಒಂದೇ: ಕೆಡವೋ ವಿಷಯ ಆಮೇಲೆ. ಮೊದಲು ಕಾಗದ ನೋಡೋಣ, ನೆಲ ನೋಡೋಣ, ಅಲ್ಲಿ ದುಡಿದವರನ್ನು ಕೇಳೋಣ. ಜೆಸಿಬಿ ಒಂದು ದಿನದಲ್ಲಿ ಉರುಳಿಸೋದನ್ನು ಮತ್ತೆ ಕಟ್ಟಲು ವರ್ಷಗಳೇ ಬೇಕು. ಅದೇ ಕಲ್ಲು, ಅದೇ ಸಾಗವಾನಿ ಇವತ್ತಿನ ರೇಟಿಗೆ ಯಾರಿಗೂ ಎಟುಕುವುದಿಲ್ಲ.

ನಿಮ್ಮ ಹತ್ತಿರ ಇಂಥ ಜಾಗ ಇದ್ದರೆ, ಅಥವಾ ನಿಮ್ಮ ಓಣಿಯಲ್ಲಿ ಇದ್ದರೆ, ಯಾವುದರ ಹಿಂದೆ ಯಾವುದು ಮಾಡಬೇಕು ಅಂತ ಬರೆಯುತ್ತೇನೆ.

ಕಾಗದ ಮೊದಲು

ಮಿಲ್ ಮುಚ್ಚಿದೆ ಅಂದರೆ ಸಾಲ ಇರುತ್ತದೆ ಅಂತಲೇ ಇಟ್ಟುಕೊಳ್ಳಿ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಕನಿಷ್ಠ 30 ವರ್ಷದ ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿ. ಅದೊಂದೇ ಸಾಲದು. ಬ್ಯಾಂಕಿಗೆ ಅಡವಿಟ್ಟ ಆಸ್ತಿಗಳ ನೋಂದಣಿ ಸರ್ಸಾಯಿ ಅನ್ನೋ ಕೇಂದ್ರ ದಾಖಲೆಯಲ್ಲಿ ಇರುತ್ತದೆ. ಸಣ್ಣ ಶುಲ್ಕ ಕಟ್ಟಿ ಆನ್‌ಲೈನ್‌ನಲ್ಲೇ ಹುಡುಕಬಹುದು. ಇಸಿಯಲ್ಲಿ ಕಾಣದ ಅಡಮಾನ ಅಲ್ಲಿ ಸಿಗುವುದುಂಟು. ಜೊತೆಗೆ ಗೆಸ್ಕಾಂ (ಕರೆಂಟ್ ಕಂಪನಿ) ಬಾಕಿ, ಪಾಲಿಕೆ ತೆರಿಗೆ ಬಾಕಿ, ಕೆಲಸಗಾರರ ಪಿಎಫ್ ಮತ್ತು ಇಎಸ್‌ಐ ಬಾಕಿ ಕೇಳಿ ಬರೆದುಕೊಳ್ಳಿ. ಕೆಲಸಗಾರರ ಬಾಕಿ ಇದ್ದರೆ ಅದನ್ನು ಮೊದಲು ತೀರಿಸಿ. ಕಾನೂನಿಗಾಗಿ ಅಷ್ಟೇ ಅಲ್ಲ. ಅವರ ದುಡ್ಡು ಉಳಿಸಿಕೊಂಡು ಅವರದೇ ಓಣಿಯಲ್ಲಿ ಹೊಸ ಗೇಟು ಹಾಕೋದು ನ್ಯಾಯವಲ್ಲ.

ನಮ್ಮ ಭಾಗದ ಒಂದು ವಿಶೇಷ ಇದೆ. 1948ರವರೆಗೆ ನಾವು ನಿಜಾಮರ ರಾಜ್ಯದಲ್ಲಿದ್ದೆವು. ಹಾಗಾಗಿ ಹಳೆ ಕಂದಾಯ ದಾಖಲೆ ಉರ್ದುವಿನಲ್ಲಿರುತ್ತವೆ. ಅದನ್ನು ಓದಿ ಹೇಳೋ ಹಿರಿಯರು ಕಚೇರಿ ಹತ್ತಿರ ಈಗಲೂ ಸಿಗುತ್ತಾರೆ. ಅವರನ್ನು ಕೂರಿಸಿಕೊಂಡು ಸರ್ವೆ ನಂಬರು, ಇನಾಂ ಜಮೀನೋ ಅಲ್ಲವೋ, ದಾರಿ ಹಕ್ಕು ಯಾರದ್ದು ಅನ್ನೋದನ್ನು ಬರೆಸಿಕೊಳ್ಳಿ. ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸೋದಕ್ಕೆ, ಅರ್ಜಿ ಹಾಕಿ ಅಳತೆ ಮಾಡಿಸಿ. ವರ್ಷಗಟ್ಟಲೆ ಬೀಗ ಬಿದ್ದ ಜಾಗದಲ್ಲಿ ಪಕ್ಕದವರ ಗೋಡೆ ಒಂದೆರಡು ಅಡಿ ಒಳಗೆ ಬಂದಿರೋದು ಮಾಮೂಲಿ.

ಜಾಗ ಕೆಐಎಡಿಬಿ (ಸರ್ಕಾರದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕೊಟ್ಟಿದ್ದಾದರೆ ಹಂಚಿಕೆ ಪತ್ರದ ಷರತ್ತು ಓದಿ. ಕೈಗಾರಿಕೆಗೆ ಅಂತ ಕೊಟ್ಟ ಜಾಗದಲ್ಲಿ ಸುಮ್ನೆ ಬೇರೇನೋ ಶುರು ಮಾಡುವ ಹಾಗಿಲ್ಲ. ಖಾಸಗಿ ಜಾಗವಾದರೆ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಮಾಸ್ಟರ್ ಪ್ಲಾನ್ ನೋಡಿ. ನಕ್ಷೆಯಲ್ಲಿ ಕೈಗಾರಿಕೆ ವಲಯ ಅಂತ ಇದ್ದು, ನೀವು ಅಂಗಡಿ, ಮನೆ ಅಥವಾ ಸಭಾಂಗಣ ಮಾಡಬೇಕೆಂದಿದ್ದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಪ್ರಕಾರ ಭೂ ಬಳಕೆ ಬದಲಾವಣೆಗೆ ಅರ್ಜಿ ಹಾಕಬೇಕು. ಪ್ರಕಟಣೆ ಆಗುತ್ತದೆ, ಆಕ್ಷೇಪಣೆ ಕೇಳುತ್ತಾರೆ, ಸಮಯ ಹಿಡಿಯುತ್ತದೆ. ಈ ಅರ್ಜಿ ಹೋಗೋ ಮುಂಚೆ ವಾಸ್ತುಶಿಲ್ಪಿಗೆ ದುಡ್ಡು ಕೊಟ್ಟು ಬಣ್ಣದ ಚಿತ್ರ ಮಾಡಿಸಬೇಡಿ.

ಇನ್ನೊಂದು ಮಾತು. ನಮ್ಮ ಬಹಮನಿ ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಅಂಥ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅವಕಾಶ ಇಲ್ಲ. ಅದರಾಚೆಗಿನ 200 ಮೀಟರ್‌ನಲ್ಲಿ ಅನುಮತಿ ಪಡೆದೇ ಕಟ್ಟಬೇಕು. 2010ರ ತಿದ್ದುಪಡಿಯ ನಂತರ ಇದು ಬಹಳ ಬಿಗಿಯಾಗಿದೆ. ಆದರೆ ಇರುವ ಕಟ್ಟಡದ ದುರಸ್ತಿಗೆ ಅನುಮತಿ ಕೇಳಬಹುದು. ಅಂದರೆ ಕೋಟೆ ಕಡೆ ಇರುವ ಹಳೆ ಗೋದಾಮನ್ನು ಆತುರದಲ್ಲಿ ಕೆಡವಿದವರು ಖಾಲಿ ಜಾಗ ಇಟ್ಟುಕೊಂಡು ಕೂರಬೇಕಾಗುತ್ತದೆ.

ಒಳಗೆ ಕಾಲಿಡುವಾಗ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಜೀವಕ್ಕೆ ಸಂಬಂಧಿಸಿದ್ದು.

ಮೊದಲ ಸಲ ಒಳಗೆ ಹೋಗುವಾಗ ಅದೇ ಮಿಲ್‌ನಲ್ಲಿ ದುಡಿದ ಮಿಸ್ತ್ರಿಯನ್ನೋ ಹಮಾಲರನ್ನೋ ಕರೆದುಕೊಂಡು ಹೋಗಿ. ಅವರಿಗೆ ಆ ದಿನದ ಕೂಲಿ ಕೊಡಿ. ಗಂಜ್ ಹಿಂದಿನ ಒಂದು ದಾಲ್ ಮಿಲ್‌ಗೆ ನಾನು ಹೋದಾಗ ಜೊತೆಗೆ ಒಬ್ಬ ಮುದುಕ ಮಿಸ್ತ್ರಿ ಬಂದಿದ್ದರು. ಯಂತ್ರದ ಮನೆಯೊಳಗೆ ಹೊಟ್ಟು, ಧೂಳು, ಪಾರಿವಾಳದ ಹಿಕ್ಕೆ ಸೇರಿ ನೆಲ ಒಂದೇ ಸಮ ಕಾಣುತ್ತಿತ್ತು. ನಾನು ಗೋಡೆ ಕಡೆ ಹೊರಟಾಗ ಅವರು ಕೋಲು ಅಡ್ಡ ಹಿಡಿದರು. "ಅಲ್ಲಿ ಕಾಲ್ ಇಡಬ್ಯಾಡವ್ವಾ, ಕೆಳಗ ಕುಣಿ ಅದ." ಕೋಲಿನಿಂದ ಹೊಟ್ಟು ಸರಿಸಿದರು. ಕೆಳಗೆ ಗೆದ್ದಲು ತಿಂದ ಹಲಗೆ. ಹಲಗೆ ಎತ್ತಿದರೆ ಆಳುದ್ದಕ್ಕಿಂತ ಆಳದ ಗುಂಡಿ. ಅರ್ಧಕ್ಕೆ ಕಪ್ಪು ನೀರು, ಮೇಲೆ ಎಣ್ಣೆಯ ಪದರ. ಅದು ಎಲಿವೇಟರ್ ಗುಂಡಿ. ತೊಗರಿಯನ್ನು ಬಕೆಟ್ ಪಟ್ಟಿಯಲ್ಲಿ ಮೇಲಕ್ಕೆ ಎತ್ತೋದು ಅಲ್ಲಿಂದಲೇ. ಹಳೆ ದಾಲ್ ಮಿಲ್‌ಗೆ ಹೋದರೆ ಇಂಥ ಗುಂಡಿ ಇದ್ದೇ ಇದೆ ಅಂದುಕೊಂಡೇ ಕಾಲಿಡಿ. ಯಾವ ನಕ್ಷೆಯಲ್ಲೂ ಅದು ಕಾಣುವುದಿಲ್ಲ.

ಗುಂಡಿ ಸಿಕ್ಕರೆ ಯಾರನ್ನೂ ಇಳಿಸಬೇಡಿ. ಕೊಳೆತ ಕಾಳು, ನಿಂತ ನೀರು ಇರುವ ಗುಂಡಿಯಲ್ಲಿ ಉಸಿರಾಡೋ ಗಾಳಿ ಇರುವುದಿಲ್ಲ. ಇಳಿದವರು ಒಂದೆರಡು ಉಸಿರಿಗೇ ಬೀಳುತ್ತಾರೆ, ಎತ್ತಲು ಹೋದವರೂ ಬೀಳುತ್ತಾರೆ. ನೀರನ್ನು ಮೇಲಿನಿಂದಲೇ ಪಂಪ್ ಮಾಡಿ ಟ್ಯಾಂಕರಿಗೆ ತುಂಬಿಸಿ. ಎಣ್ಣೆ ಬೆರೆತ ನೀರು ಚರಂಡಿಗೆ ಬಿಡಬೇಡಿ. ಆಮೇಲೆ ಗಟ್ಟಿ ಮುಚ್ಚಳ ಹಾಕಿ. ಹಾಗೆಯೇ ತೆರೆದ ಬಾವಿ, ಕೇಸಿಂಗ್ ತೆರೆದ ಬೋರ್‌ವೆಲ್ ಇದ್ದರೆ ಮೊದಲ ದಿನವೇ ಮುಚ್ಚಿ.

ದಾಲ್ ಮಿಲ್ ಗೋದಾಮಿನಲ್ಲಿ ಇನ್ನೊಂದು ಅಪಾಯ ಇದೆ. ಹುಳ ಹಿಡಿಯದಿರಲಿ ಅಂತ ಚೀಲಗಳ ನಡುವೆ ಇಡುತ್ತಿದ್ದ ಗುಳಿಗೆ, ಅಲ್ಯೂಮಿನಿಯಂ ಫಾಸ್ಫೈಡ್. ಮೂಲೆಯ ಕಪಾಟಿನಲ್ಲಿ ಅದರ ಡಬ್ಬಿ ಉಳಿದಿರಬಹುದು. ಅದಕ್ಕೆ ತೇವ ತಾಗಿದರೆ ಫಾಸ್ಫೀನ್ ಅನ್ನೋ ವಿಷದ ಗಾಳಿ ಏಳುತ್ತದೆ. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನಂಥ ವಾಸನೆ ಬಂದರೆ ಹೊರಗೆ ಬನ್ನಿ. ವಾಸನೆ ಇಲ್ಲ ಅಂದ ಮಾತ್ರಕ್ಕೆ ಧೈರ್ಯ ಬೇಡ. ಡಬ್ಬಿ ಕಂಡರೆ ತೆರೆಯಬೇಡಿ, ನೀರು ಹಾಕಬೇಡಿ, ಗುಜರಿಯವರಿಗೆ ಕೊಡಬೇಡಿ. ಬಾಗಿಲು ಕಿಟಕಿ ತೆರೆದು, ಜನರನ್ನು ದೂರ ಇಟ್ಟು, ಅಗ್ನಿಶಾಮಕ ಠಾಣೆಗೆ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೇಳಿ. ಈ ಕಾರಣಕ್ಕೇ ಧೂಳು ಏಳುತ್ತದೆ ಅಂತ ಗೋದಾಮಿಗೆ ಮೊದಲೇ ಪೈಪಿನಿಂದ ನೀರು ಹೊಡೆಯೋದು ಬೇಡ ಅಂತ ಹೇಳುತ್ತೇನೆ. ಮೊದಲು ಕಪಾಟು, ಮೂಲೆ, ಅಟ್ಟ ನೋಡಿ ಮುಗಿಸಿ.

ಮಾಳಿಗೆ ಮೇಲಿನ ಹಳೆ ಸಿಮೆಂಟ್ ಶೀಟ್‌ಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತದೆ. ಅದರ ನಾರು ಶ್ವಾಸಕೋಶಕ್ಕೆ ಹೋದರೆ ಕಾಯಿಲೆ ಕಾಣಿಸಿಕೊಳ್ಳೋದು ಎಷ್ಟೋ ವರ್ಷದ ನಂತರ. ಸುತ್ತಿಗೆಯಿಂದ ಒಡೆದು ಕೆಳಗೆ ಎಸೆಯೋದು ನಮ್ಮಲ್ಲಿ ರೂಢಿ. ಅದನ್ನು ನಿಲ್ಲಿಸಿ. ಶೀಟನ್ನು ನೀರಿನಿಂದ ಒದ್ದೆ ಮಾಡಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಇಡಿ. ಬಟ್ಟೆ ಮಾಸ್ಕ್ ಇದಕ್ಕೆ ಸಾಲದು, ಫಿಲ್ಟರ್ ಇರುವ ಮಾಸ್ಕ್ ಬೇಕು. ಹಳೆ ಶೀಟ್ ಮೇಲೆ ನೇರ ಕಾಲಿಟ್ಟರೆ ಮುರಿದು ಬೀಳುತ್ತಾರೆ, ಹಲಗೆ ಹಾಕಿಯೇ ಹತ್ತಿಸಿ. ಸುತ್ತಿಟ್ಟ ಶೀಟನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಮಂಡಳಿ ಒಪ್ಪಿದ ಜಾಗಕ್ಕೇ ಕಳಿಸಬೇಕು. ಟ್ರಾನ್ಸ್‌ಫಾರ್ಮರ್ ಎಣ್ಣೆಗೂ ಇದೇ ಮಾತು. ಗೆಸ್ಕಾಂನವರು ಲೈನ್ ಕಡಿದು ಬರೆದುಕೊಡೋವರೆಗೆ ಅದರ ಹತ್ತಿರ ಯಾರೂ ಹೋಗಬಾರದು.

ಮಣ್ಣಿನ ಪರೀಕ್ಷೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಇಂಜಿನ್ ಇದ್ದ ಜಾಗ, ಡೀಸೆಲ್ ಬ್ಯಾರಲ್ ಇಟ್ಟ ಜಾಗ, ಟ್ರಾನ್ಸ್‌ಫಾರ್ಮರ್ ಬುಡ, ಇವಿಷ್ಟು ಕಡೆಯಿಂದ ಮೇಲಿನ ಅರ್ಧ ಅಡಿಯ ಮಣ್ಣು ಮತ್ತು ಮೂರು ಅಡಿ ಕೆಳಗಿನ ಮಣ್ಣು ತೆಗೆಯಿರಿ. ಹೋಲಿಸಿ ನೋಡಲು ಏನೂ ನಡೆಯದ ಮೂಲೆಯಿಂದ ಒಂದು. ಎಣ್ಣೆ ಅಂಶ, ಸೀಸ ಇದೆಯಾ ಅಂತ ಲ್ಯಾಬಿನಲ್ಲಿ ನೋಡಿಸಿ. ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಚೆಲ್ಲಿದ ಎಣ್ಣೆ ಆ ಬಿರುಕಿನಲ್ಲೇ ಕೆಳಗಿಳಿಯುತ್ತದೆ. ಮೇಲೆ ಸ್ವಚ್ಛ ಕಂಡರೂ ಕೆಳಗೆ ಕಪ್ಪಾಗಿರಬಹುದು. ಅಂಥ ಕಡೆ ಮಕ್ಕಳು ಆಡೋ ಜಾಗ, ಸೊಪ್ಪಿನ ಮಡಿ ಮಾಡಬೇಡಿ. ಕೆಟ್ಟ ಮಣ್ಣು ತೆಗೆಸಿ, ಇಲ್ಲವೇ ಮೇಲೆ ಗಟ್ಟಿ ನೆಲ ಹಾಕಿ ಪಾರ್ಕಿಂಗ್ ಮಾಡಿ.

ಏನು ಉಳಿಸೋದು

ಈ ಭಾಗದ ಹಳೆ ಮಿಲ್‌ಗಳ ಗೋಡೆ ಕಲ್ಲು ಮತ್ತು ಸುಣ್ಣದ ಗಾರೆಯದ್ದು. ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬಂದರೆ ಸರಿ. ಪೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ. ಸುಣ್ಣದ ಗೋಡೆಗೆ ಸಿಮೆಂಟ್ ಮೆತ್ತಬೇಡಿ. ಸುಣ್ಣದ ಗೋಡೆ ತೇವ ಹೀರುತ್ತದೆ, ಬಿಡುತ್ತದೆ. ಸಿಮೆಂಟ್ ಹಚ್ಚಿದರೆ ತೇವ ಒಳಗೇ ಉಳಿದು ಕಲ್ಲು ಸಿಪ್ಪೆ ಏಳುತ್ತದೆ. ಸುಣ್ಣದ ಕೆಲಸ ಗೊತ್ತಿರೋ ಗೌಂಡಿಗಳು ಈಗ ಕಡಿಮೆ, ಆದರೆ ಇದ್ದಾರೆ. ಹುಡುಕಿ ತನ್ನಿ. ಅವರ ಕೈ ಕೆಳಗೆ ಇಬ್ಬರು ಹುಡುಗರನ್ನು ಕಲಿಯಲು ಬಿಡಿ.

ನೆಲದ ಶಹಾಬಾದ್ ಫರ್ಸಿಯನ್ನು ಒಂದೊಂದಾಗಿ ಎತ್ತಿ, ಹಿಂದೆ ನಂಬರು ಬರೆದು, ನಿಲ್ಲಿಸಿ ಇಡಿ. ಹಳೆ ಮಿಲ್‌ಗಳ ಫರ್ಸಿ ಇವತ್ತು ಮಾರ್ಕೆಟ್‌ನಲ್ಲಿ ಸಿಗೋದಕ್ಕಿಂತ ದಪ್ಪ. ಎಣ್ಣೆ ಕಲೆ ಹೋಗಲಿ ಅಂತ ಆ್ಯಸಿಡ್ ಸುರಿಯೋದನ್ನು ಎಷ್ಟೋ ಕಡೆ ನೋಡಿದ್ದೇನೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಶಹಾಬಾದ್ ಸುಣ್ಣದ ಕಲ್ಲು. ಆ್ಯಸಿಡ್ ಬಿದ್ದ ಕಡೆ ನೊರೆ ಎದ್ದು ಮೈ ಕರಗಿ, ಹೊಳಪು ಹೋಗಿ ಬೂದು ಮಚ್ಚೆ ಉಳಿಯುತ್ತದೆ. ಬಿಸಿನೀರು, ಸೋಪು, ಗಟ್ಟಿ ಬ್ರಷ್ ಸಾಕು. ಹಟ ಹಿಡಿದ ಕಲೆಗೆ ಸೀಮೆಸುಣ್ಣದ ಪುಡಿ ಮತ್ತು ಸೋಪಿನ ನೀರು ಕಲೆಸಿ ರಾತ್ರಿಯಿಡೀ ಮೆತ್ತಿ ಬಿಡಿ, ಎಣ್ಣೆ ಎಳೆದುಕೊಳ್ಳುತ್ತದೆ.

ದಾಲ್ ಮಿಲ್‌ಗಳಲ್ಲಿ ಎಲ್ಲಕ್ಕಿಂತ ಬೆಲೆಬಾಳೋದು ಕಟ್ಟಡವಲ್ಲ, ಅಂಗಳ. ಎಣ್ಣೆ ಸವರಿದ ತೊಗರಿಯನ್ನು ದಿನಗಟ್ಟಲೆ ಬಿಸಿಲಿಗೆ ಒಣಹಾಕಬೇಕಿತ್ತು. ಅದಕ್ಕೇ ಅಷ್ಟು ದೊಡ್ಡ, ಸಮತಟ್ಟಾದ, ನೀರು ನಿಲ್ಲದ ಹಾಗೆ ಇಳಿಜಾರು ಕೊಟ್ಟ ನೆಲ ಮಾಡಿಟ್ಟಿದ್ದಾರೆ. ಗಂಜ್ ಸುತ್ತ ಮಕ್ಕಳಿಗೆ ಸೈಕಲ್ ಹೊಡೆಯಲೂ ಜಾಗ ಇಲ್ಲ. ಆ ಅಂಗಳದ ಮೇಲೆ ಕಟ್ಟಡ ಎಬ್ಬಿಸಬೇಡಿ. ಅಂಚಿಗೆ ಬೇವು, ಹೊಂಗೆ ಹಾಕಿ. ನಮ್ಮ ಊರಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ನೆರಳಿಲ್ಲದ ಅಂಗಳಕ್ಕೆ ಸಂಜೆ ಆರರವರೆಗೆ ಯಾರೂ ಬರುವುದಿಲ್ಲ.

ಹೊಸದಾಗಿ ಏನಾದರೂ ಕಟ್ಟಲೇಬೇಕಾದರೆ ಎರೆ ಮಣ್ಣಿನ ಊದುವ ಗುಣ ಎಷ್ಟು, ಗಟ್ಟಿ ನೆಲ ಎಷ್ಟು ಆಳದಲ್ಲಿದೆ ಅಂತ ಮೊದಲು ನೋಡಿಸಿ. ಪಿಡಿಎ ಇಂಜಿನಿಯರಿಂಗ್ ಕಾಲೇಜಿನಂಥ ಕಡೆ ವಿಚಾರಿಸಿ. ಮಳೆಗೆ ಊದಿ ಬೇಸಿಗೆಗೆ ಕುಗ್ಗುವ ಮಣ್ಣಿನ ಮೇಲೆ ಮಾಮೂಲಿ ಪಾಯ ಹಾಕಿದರೆ ಗೋಡೆ ಅಡ್ಡಡ್ಡ ಸೀಳುತ್ತದೆ. ಅಂಡರ್ ರೀಮ್ಡ್ ಪೈಲ್, ಅಂದರೆ ಬುಡದಲ್ಲಿ ಅಗಲ ಮಾಡಿದ ಕಂಬದ ಪಾಯ, ಇರೋದೇ ಇಂಥ ಮಣ್ಣಿಗೆ. ಹಳೆ ಗೋಡೆಗೆ ಅಂಟಿಸಿ ಹೊಸ ಗೋಡೆ ಕಟ್ಟಬೇಡಿ, ನಡುವೆ ಸಂದು ಬಿಡಿ. ಎರಡೂ ಬೇರೆ ಬೇರೆಯಾಗಿ ಕೂರುತ್ತವೆ.

ಮಾಳಿಗೆ ನೀರನ್ನು ಬಿಡಬೇಡಿ. 10,000 ಚದರ ಅಡಿ ಮಾಳಿಗೆ, ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ ಅಂತ ಲೆಕ್ಕ ಹಿಡಿದರೆ ಆರೂವರೆ ಲಕ್ಷ ಲೀಟರ್. ಸೋರಿದ್ದು, ಆವಿಯಾಗಿದ್ದು ಕಳೆದರೂ 5 ಲಕ್ಷ ಲೀಟರ್ ಕೈಗೆ ಸಿಗುತ್ತದೆ. ಹಳೆ ಬಾವಿ ಇದ್ದರೆ ಹೂಳೆತ್ತಿ, ನೀರನ್ನು ಸೋಸಿ ಅಲ್ಲಿಗೇ ಬಿಡಿ. ಎಣ್ಣೆ ಬಿದ್ದ ಅಂಗಳದ ನೀರು ಮಾತ್ರ ಬಾವಿಗೆ ಹೋಗಬಾರದು.

ಯಾರಿಗಾಗಿ ಮಾಡುತ್ತೀರಿ

ಮಾಲ್ ಮಾಡೋಣ ಅಂತ ಎಲ್ಲರೂ ಶುರು ಮಾಡುತ್ತಾರೆ. ನಾನು ಮಾಲೀಕರನ್ನು ಗೇಟಿನ ಹತ್ತಿರ ಬೆಳಿಗ್ಗೆ ಎಂಟಕ್ಕೂ ಸಂಜೆ ಏಳಕ್ಕೂ ನಿಲ್ಲಿಸುತ್ತೇನೆ. ಯಾರು ಹೋಗ್ತಾರೆ, ಏನು ಹೊತ್ತು ಹೋಗ್ತಾರೆ ನೋಡಿ ಅನ್ನುತ್ತೇನೆ. ಕಾಣೋದು ಏನು? ಪುಸ್ತಕದ ಬ್ಯಾಗ್ ಹಾಕಿಕೊಂಡ ಹುಡುಗ ಹುಡುಗಿಯರು. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಪರೀಕ್ಷೆಗೆ ಓದಲು ಸುತ್ತಲಿನ ತಾಲೂಕುಗಳಿಂದ ಬಂದವರು. ಇಕ್ಕಟ್ಟು ಕೋಣೆಯಲ್ಲಿ ಕುರ್ಚಿಗೆ ತಿಂಗಳ ಬಾಡಿಗೆ ಕೊಟ್ಟು ಕೂರುತ್ತಾರೆ. ಎತ್ತರದ ಮಾಳಿಗೆ, ದಪ್ಪ ಕಲ್ಲಿನ ಗೋಡೆ ಇರುವ ಗೋದಾಮಿಗಿಂತ ಒಳ್ಳೆ ವಾಚನಾಲಯ ಎಲ್ಲಿ ಸಿಗುತ್ತದೆ? ಎಸಿ ಇಲ್ಲದೆಯೂ ಏಪ್ರಿಲ್ ಮಧ್ಯಾಹ್ನ ಕೂರಬಹುದು.

ಖಡಕ್ ರೊಟ್ಟಿ ಮಾಡೋ ಸ್ವಸಹಾಯ ಗುಂಪಿನ ಹೆಣ್ಣುಮಕ್ಕಳಿಗೆ ಹೊಗೆ ಹೋಗಲು ದಾರಿ ಇರುವ, ನೀರು ಮತ್ತು ಶೌಚಾಲಯ ಇರುವ ಜಾಗ ಬೇಕು. ಮಿಲ್‌ನ ಪಕ್ಕದ ಶೆಡ್ ಅದಕ್ಕೆ ಸರಿಹೋಗುತ್ತದೆ. ಹಮಾಲರಿಗೆ ಮಧ್ಯಾಹ್ನ ಮೈ ಚೆಲ್ಲಲು ನೆರಳು, ಕುಡಿಯೋ ನೀರು ಬೇಕು. ರೈತರಿಗೆ ರಾತ್ರಿ ಉಳಿಯಲು ಒಂದು ಕೋಣೆ ಬೇಕು. ಮುಂದಿನ ಸಾಲು ಅಂಗಡಿಗೆ ಕೊಡಿ, ಅದರ ಬಾಡಿಗೆಯಿಂದ ಹಿಂದಿನದೆಲ್ಲ ನಡೆಯಲಿ. ಯಾವ ಬಳಕೆಯೇ ಇರಲಿ, ಜನ ಸೇರೋ ಹಾಲ್‌ಗೆ ಎರಡು ಬೇರೆ ಬೇರೆ ದಿಕ್ಕಿನಲ್ಲಿ ಹೊರದಾರಿ ಇರಬೇಕು. ಮಿಲ್‌ಗಳಿಗೆ ಮಾಲು ಕಳುವಾಗದಿರಲಿ ಅಂತ ಒಂದೇ ಬಾಗಿಲು ಇಟ್ಟಿರುತ್ತಾರೆ. ಗೋಡೆ ಒಡೆಯೋದು ಅನಿವಾರ್ಯ ಅಂದರೆ ಅದು ಇಲ್ಲಿಯೇ.

ಜಾಗ ಸರ್ಕಾರದ್ದಾದರೆ ಲೆಕ್ಕವೇ ಬೇರೆ. ನಮ್ಮ ಊರಿನ ಮೆಹಬೂಬ್ ಶಾಹಿ ಮಿಲ್ ನೋಡಿ. ಆರನೇ ನಿಜಾಮರ ಹೆಸರು ಹೊತ್ತ ಬಟ್ಟೆ ಗಿರಣಿ, 1974ರ ರಾಷ್ಟ್ರೀಕರಣ ಕಾಯ್ದೆಯಲ್ಲಿ ರಾಷ್ಟ್ರೀಯ ಜವಳಿ ನಿಗಮಕ್ಕೆ ಸೇರಿತು. ಮಗ್ಗ ನಿಂತು ಎಷ್ಟೋ ವರ್ಷವಾದರೂ ಆ ಭಾಗವನ್ನು ಜನ ಎಂಎಸ್‌ಕೆ ಮಿಲ್ ಅಂತಲೇ ಕರೆಯುತ್ತಾರೆ. ಇಂಥ ಜಾಗದ ವಿಷಯ ಬಂದಾಗ ಓಣಿಯವರು ಮುಂಬೈ ಕಥೆ ತಿಳಿದಿರಬೇಕು. ಅಲ್ಲಿ ಸುಮಾರು 600 ಎಕರೆ ಗಿರಣಿ ಜಾಗ ಇತ್ತು. 1991ರ ನಿಯಮ ಮೂರು ಪಾಲು ಮಾಡಿತ್ತು: ಒಂದು ಪಾಲು ಪಾಲಿಕೆಯ ಬಯಲಿಗೆ, ಒಂದು ಸರ್ಕಾರಿ ವಸತಿಗೆ, ಒಂದು ಮಾಲೀಕರಿಗೆ. 2001ರಲ್ಲಿ ನಿಯಮ ಬದಲಾಯಿತು. ಇಡೀ ಜಾಗದ ಬದಲು ಕಟ್ಟಡ ಇಲ್ಲದ ಖಾಲಿ ಜಾಗಕ್ಕೆ ಮಾತ್ರ ಪಾಲು ಅಂತಾಯಿತು. ಜನರಿಗೆ ಸಿಗುವ ನೆಲ ಒಮ್ಮೆಲೇ ಕುಗ್ಗಿತು. 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ಬದಲಾವಣೆಯನ್ನು ಎತ್ತಿಹಿಡಿಯಿತು.

ಹಾಗಾಗಿ ಆಕ್ಷೇಪಣೆ ಕರೆದಾಗ ಬರವಣಿಗೆಯಲ್ಲಿ ಕೇಳಿ: ಬಯಲಿನ ಪಾಲು ಯಾವ ಒಟ್ಟು ಅಳತೆಯ ಮೇಲೆ? ಆ ಬಯಲಿಗೆ ರಸ್ತೆಯಿಂದ ನೇರ ದಾರಿ ಇದೆಯಾ? ಅದು ಯಾರ ಹೆಸರಿನಲ್ಲಿ ಇರುತ್ತದೆ? ಟೆಂಡರ್ ದಾಖಲೆ, ಗುತ್ತಿಗೆ ಅವಧಿ ಏನಿದೆ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ತೆಗೆಸಿಕೊಳ್ಳಿ. ಮೆರವಣಿಗೆಗಿಂತ ಇಂಥ ಒಂದು ಪುಟದ ಪತ್ರಕ್ಕೆ ಬಲ ಜಾಸ್ತಿ, ಯಾಕೆಂದರೆ ಅದು ಫೈಲಿನಲ್ಲಿ ಉಳಿಯುತ್ತದೆ.

ದುಡ್ಡು ಮತ್ತು ಹಂಗಾಮು

ಒಂದೇ ಸಲಕ್ಕೆ ಇಡೀ ಜಾಗ ಮಾಡಲು ಹೋಗಬೇಡಿ. ಮೊದಲು ಕಾಂಪೌಂಡು, ಗುಂಡಿಗಳ ಮುಚ್ಚಳ, ದೀಪ, ಶೌಚಾಲಯ. ಆಮೇಲೆ ಎಲ್ಲಕ್ಕಿಂತ ಗಟ್ಟಿಯಾಗಿರುವ ಒಂದು ಶೆಡ್. ಅದನ್ನು ಬಾಡಿಗೆಗೆ ಕೊಡಿ, ಜನ ಬರೋದು ಶುರುವಾಗಲಿ. ಜನ ಓಡಾಡೋ ಜಾಗದಲ್ಲಿ ಕಳ್ಳತನ ಕಡಿಮೆ. ಬ್ಯಾಂಕಿನವರೂ ಖಾಲಿ ಜಾಗಕ್ಕಿಂತ ಬಾಡಿಗೆ ಬರುತ್ತಿರೋ ಜಾಗಕ್ಕೆ ಬೇಗ ಸಾಲ ಕೊಡುತ್ತಾರೆ. ಹಳೆ ಯಂತ್ರದಲ್ಲಿ ಒಂದು ಜೋಡಿ ರೋಲರ್, ಒಂದು ಶಾಫ್ಟ್, ಒಂದು ತೂಕದ ಕಾಟಾ ಉಳಿಸಿಕೊಳ್ಳಿ. ಉಳಿದದ್ದನ್ನು ತೂಕ ಮಾಡಿಸಿ, ರಶೀದಿ ಪಡೆದು ಮಾರಿ. ಬಂದ ದುಡ್ಡು ಮಾಳಿಗೆ ರಿಪೇರಿಗೆ ಆಗುತ್ತದೆ.

ಕೆಲಸದ ಸಮಯ ನಮ್ಮ ಊರಿನ ಹಂಗಾಮು ನೋಡಿಯೇ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಏನೂ ಅಗೆಯಬೇಡಿ. ಕೊಡೆ ಹಿಡಿದು ಜಾಗ ಸುತ್ತಿ, ಎಲ್ಲಿ ಸೋರುತ್ತದೆ, ನೀರು ಯಾವ ಕಡೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ನಕ್ಷೆ ಮೇಲೆ ಗುರುತು ಮಾಡಿ. ದಸರಾ ಮುಗಿದ ಮೇಲೆ ಕಸ, ಕಲ್ಲು, ಮಣ್ಣು ಸಾಗಿಸೋ ಕೆಲಸ ಶುರು ಮಾಡಿ ಡಿಸೆಂಬರ್ ಒಳಗೆ ಮುಗಿಸಿ. ಸಂಕ್ರಾಂತಿ ಹೊತ್ತಿಗೆ ಹೊಸ ತೊಗರಿ ಗಂಜಿಗೆ ಬರಲು ಶುರುವಾಗುತ್ತದೆ. ಆಮೇಲೆ ಮಾರ್ಚ್‌ವರೆಗೆ ನಿಮಗೆ ಲಾರಿಯೂ ಸಿಗುವುದಿಲ್ಲ, ಹಮಾಲರೂ ಸಿಗುವುದಿಲ್ಲ. ಆ ತಿಂಗಳುಗಳಲ್ಲಿ ಗೌಂಡಿ ಕೆಲಸ, ಬಡಗಿ ಕೆಲಸ, ವೈರಿಂಗ್ ಹಾಕಿಕೊಳ್ಳಿ. ಮಾಳಿಗೆಯ ಹೊಸ ಶೀಟು ಮೇ ಕೊನೆಯೊಳಗೆ ಕೂತಿರಬೇಕು, ಮತ್ತು ಆ ಕೆಲಸ ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ಮಾತ್ರ ಮಾಡಿಸಿ. ಮಧ್ಯಾಹ್ನದ ಬಿಸಿಲಿಗೆ ಕಾದ ಪತ್ರಾಸಿನ ಮೇಲೆ ಯಾರನ್ನೂ ಹತ್ತಿಸಬೇಡಿ.